ಹಳೇ ಸಿಬಿಝಡ್ ಬ್ರೇಕ್‌ಗೆ ಸರಿಯಾದ ಬೋಲ್ಟ್ ಹುಡುಕಿದ್ದು - ನನ್ನ ಅನುಭವ

ನಮ್ಮಪ್ಪ 2001ರಲ್ಲಿ ತಗೊಂಡಿದ್ದ ಹೀರೋ ಹೋಂಡಾ ಸಿಬಿಝಡ್ ಬೈಕ್ ಇನ್ನೂ ನಮ್ಮನೇಲೇ ಇದೆ, ಈಗ ಓಡಿಸೋದು ನಾನು. ಹೋದ ಮಳೆಗಾಲದಲ್ಲಿ ಮುಂದಿನ ಡಿಸ್ಕ್ ಪ್ಯಾಡ್ ಸವೆದಿತ್ತು, ಯಾರಿಗೋ ಕೊಡೋ ಬದ್ಲು ನಾನೇ ಹಾಕೋಣ ಅಂತ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಬಿಚ್ಚೋಕೆ ಕೂತೆ. ಮೇಲಿನ ಬೋಲ್ಟ್‌ಗೆ 12ರ ಸ್ಪ್ಯಾನರ್ ಗಟ್ಟಿಯಾಗಿ ಕೂತ್ಕೊಳ್ತು, ಕೆಳಗಿನದಕ್ಕೆ ಅದು ಹತ್ತಲೇ ಇಲ್ಲ, 13 ಬೇಕಾಯ್ತು. ಒಂದೇ ಕ್ಯಾಲಿಪರ್, ಎರಡು ಬೋಲ್ಟ್, ಎರಡು ಸ್ಪ್ಯಾನರ್ ಯಾಕೆ ಅಂತ ಅಲ್ಲೇ ಅನುಮಾನ ಬಂತು.

ಎರಡೂ ಬಿಚ್ಚಿ ಪೇಪರ್ ಮೇಲೆ ಪಕ್ಕಪಕ್ಕ ಇಟ್ಟೆ. ಮೇಲಿನದು ತಲೆ ಜೊತೆಗೇ ಅಗಲವಾದ ಫ್ಲ್ಯಾಂಜ್ (ವಾಷರ್ ಥರದ ಅಂಚು) ಇರೋ ಬೋಲ್ಟ್, ಕಂಪನಿದು. ಕೆಳಗಿನದು ಸಾದಾ ಎಂಎಸ್ (ಮೆದು ಸ್ಟೀಲಿನ) ಬೋಲ್ಟ್, ಉದ್ದ ಜಾಸ್ತಿ ಆಗಿದ್ದಕ್ಕೆ ಎರಡು ವಾಷರ್ ತುರುಕಿದ್ರು, ತಲೆ ಮೇಲೆ ಒಂದು ನಂಬರೂ ಇಲ್ಲ. ಹಿಂದೆ ಯಾವಾಗ್ಲೋ ಯಾವುದೋ ಗ್ಯಾರೇಜಲ್ಲಿ ಒರಿಜಿನಲ್ ಕಳೆದುಹೋದಾಗ ಡಬ್ಬಿಲಿ ಸಿಕ್ಕಿದ್ದು ಹಾಕಿ ಕಳಿಸಿದಾರೆ. ಆ ಬೋಲ್ಟ್ ಮೇಲೆ ನಮ್ಮಪ್ಪ, ನಾನು, ಹಿಂದೆ ಕೂತ್ಕೊಂಡು ನಮ್ಮಮ್ಮ ಎಷ್ಟು ವರ್ಷ ಓಡಾಡಿದೀವೋ ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಚುರ್ ಅನ್ನುತ್ತೆ.

ತುಮಕೂರಲ್ಲಿ ಮೊದಲು ಹತ್ತಿರದ ಹಾರ್ಡ್‌ವೇರ್ ಅಂಗಡಿಗೇ ಹೋದೆ. ಅಂಗಡಿಯವರು ನೋಡಿ "ಎಂಟು ಎಂಎಂ ತಾನೆ ಸಾರ್, ತಗೊಳ್ಳಿ" ಅಂತ ಮತ್ತೆ ಅಂಥದ್ದೇ ಒಂದು ಎಂಎಸ್ ಬೋಲ್ಟ್ ಕೈಗಿಟ್ರು. ಅವರದ್ದೇನೂ ತಪ್ಪಿಲ್ಲ, ಗೇಟಿಗೂ ಕಿಟಕಿಗೂ ಕೊಡೋ ಬೋಲ್ಟ್ ಅದು, ಬ್ರೇಕಿಗೆ ಅಂತ ನಾನು ಹೇಳೂ ಇರಲಿಲ್ಲ. ಆದ್ರೆ "ಎಂಟು ಎಂಎಂ" ಅನ್ನೋದು ಬರೀ ಅರ್ಧ ಮಾತು, ಅದನ್ನ ಅರ್ಥ ಮಾಡ್ಕೊಳೋಕೆ ನನಗೆ ಒಂದು ವಾರ ಹಿಡೀತು.

ಮನೇಗೆ ಬಂದು ವರ್ನಿಯರ್ ಹಿಡಿದು ಕೂತೆ. ಒರಿಜಿನಲ್ ಬೋಲ್ಟಿನ ಥ್ರೆಡ್ ಮೇಲೆ ಅಳೆದ್ರೆ 7.9 ಚಿಲ್ಲರೆ ಬರುತ್ತೆ, ಅದು ಎಂ8, ಥ್ರೆಡ್ ಯಾವಾಗ್ಲೂ ಹೆಸರಿಗಿಂತ ಒಂದು ಕೂದಲಷ್ಟು ಕಡಿಮೆನೇ ಇರುತ್ತೆ. ಆಮೇಲೆ ಪಿಚ್, ಅಂದ್ರೆ ಒಂದು ಥ್ರೆಡ್ಡಿಂದ ಇನ್ನೊಂದಕ್ಕೆ ಎಷ್ಟು ದೂರ ಅಂತ. ಪಿಚ್ ಗೇಜ್ ಇಲ್ಲ ಅಂದ್ರೂ ಪರವಾಗಿಲ್ಲ, ಹತ್ತು ಥ್ರೆಡ್ ಎಣಿಸಿ ಆ ದೂರ ಅಳೆದು ಹತ್ತರಿಂದ ಭಾಗಿಸಿ, ನನಗೆ 12.5 ಬಂತು ಅಂದ್ರೆ 1.25 ಪಿಚ್. ಉದ್ದ ಅಳೆಯೋವಾಗ ತಲೆ ಸೇರಿಸ್ಬಾರ್ದು, ತಲೆ ಕೆಳಗಿಂದ ತುದೀವರೆಗೆ ಮಾತ್ರ. ಈ ಉದ್ದದ ವಿಷಯ ಎಲ್ಲಕ್ಕಿಂತ ಜಾಸ್ತಿ ಕೆಡಿಸೋದು. ಚಿಕ್ಕದಾದ್ರೆ ನಾಲ್ಕೈದು ಥ್ರೆಡ್ ಮಾತ್ರ ಹಿಡಿದು ಅಲ್ಯುಮಿನಿಯಂ ಫೋರ್ಕಿನ (ಮುಂದಿನ ಚಕ್ರ ಹಿಡಿದಿರೋ ಕಾಲಿನ) ಥ್ರೆಡ್ಡನ್ನೇ ಕಿತ್ಕೊಂಡು ಬರುತ್ತೆ. ಉದ್ದ ಆದ್ರೆ ತುದಿ ಆ ಕಡೆ ಹೊರಗೆ ಬಂದು ತಿರುಗೋ ಡಿಸ್ಕಿಗೇ ತಾಗಬಹುದು, ಇಲ್ಲಾ ತೂತಿನ ತಳಕ್ಕೆ ಹೋಗಿ ನಿಂತ್ಕೊಂಡು ಟೈಟ್ ಆಯ್ತು ಅಂತ ಕೈಗೆ ಅನ್ನಿಸುತ್ತೆ ಆದ್ರೆ ಕ್ಯಾಲಿಪರ್ ಹಿಡಿದಿರಲ್ಲ. ಎರಡು ವಾಷರ್ ತುರುಕಿದ್ದು ಇದಕ್ಕೇ.

ಇನ್ನು ಗ್ರೇಡ್. ಬೋಲ್ಟ್ ತಲೆ ಮೇಲೆ 8.8, 10.9, 12.9 ಅಂತ ಬರೆದಿರುತ್ತಲ್ಲ, ಮೊದಲ ನಂಬರನ್ನ ನೂರರಿಂದ ಗುಣಿಸಿದ್ರೆ ಎಷ್ಟು ಮೆಗಾಪ್ಯಾಸ್ಕಲ್‌ಗೆ (ಎಳೆತದ ಅಳತೆ) ಅದು ತುಂಡಾಗುತ್ತೆ ಅಂತ, ಎರಡನೇ ನಂಬರ್ ಅದರ ಹತ್ತರಲ್ಲಿ ಎಷ್ಟು ಭಾಗದವರೆಗೆ ಎಳೆದ್ರೂ ಬಿಟ್ಟಾಗ ಮೊದಲಿನ ಥರ ಆಗುತ್ತೆ ಅಂತ. 8.8 ಅಂದ್ರೆ 800ಕ್ಕೆ ತುಂಡು, 640 ದಾಟಿದ್ರೆ ಹಿಗ್ಗಿ ಹಾಗೇ ಉಳಿಯುತ್ತೆ. ಸಾದಾ 4.6 ಎಂಎಸ್ ಬೋಲ್ಟಿಗೆ ಈ ಹಿಗ್ಗೋ ಲೆಕ್ಕ ಬರೀ 240. ಬ್ರೇಕ್ ಹಿಡಿದಾಗ ಡಿಸ್ಕು ಕ್ಯಾಲಿಪರನ್ನ ತನ್ನ ಜೊತೆ ಎಳ್ಕೊಂಡು ಹೋಗೋಕೆ ನೋಡುತ್ತೆ, ಅದನ್ನ ತಡೆಯೋದು ಬೋಲ್ಟು ಬಿಗಿಯಾಗಿ ಒತ್ತಿ ಹಿಡಿದಿರೋದ್ರಿಂದ. ಬೋಲ್ಟ್ ಹಿಗ್ಗಿದ್ರೆ ಬಿಗಿ ಹೋಯ್ತು, ಕ್ಯಾಲಿಪರ್ ಅಲ್ಲಾಡೋಕೆ ಶುರು ಆಗುತ್ತೆ, ಅಲ್ಲಿಂದ ಬೋಲ್ಟ್ ತುಂಡಾಗೋಕೆ ಜಾಸ್ತಿ ದಿನ ಬೇಕಿಲ್ಲ.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಹಳೇ ಗಾಡಿ ರೆಡಿ ಮಾಡೋರು ತುಂಬಾ ಜನ ಹೊಳೀಲಿ, ತುಕ್ಕು ಹಿಡಿಯದಿರಲಿ ಅಂತ ಎಲ್ಲಾ ಕಡೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟ್ ಹಾಕ್ತಾರೆ. ನನಗೂ ಮನಸ್ಸಾಗಿತ್ತು. ಆದ್ರೆ ಮಾರ್ಕೆಟ್ಟಲ್ಲಿ ಸಾಮಾನ್ಯವಾಗಿ ಸಿಗೋ ಎ2-70 ಎಸ್‌ಎಸ್ ಬೋಲ್ಟಿನ ಹಿಗ್ಗೋ ಲೆಕ್ಕ 450, 8.8ಕ್ಕಿಂತ ಎಷ್ಟೋ ಕಡಿಮೆ. ಜೊತೆಗೆ ಎಸ್‌ಎಸ್ಸು ಅಲ್ಯುಮಿನಿಯಂ ಎರಡೂ ಸೇರಿ ಮಳೆನೀರು ಕುಡಿದ್ರೆ ತಿಂದುಹೋಗೋದು ಅಲ್ಯುಮಿನಿಯಂ, ಅಂದ್ರೆ ಸಿಗದೇ ಇರೋ ನಮ್ಮ ಫೋರ್ಕು. ಚೈನ್ ಕವರ್‌ಗೆ ಹಾಕಿ, ನಂಬರ್ ಪ್ಲೇಟಿಗೆ ಹಾಕಿ, ಬ್ರೇಕಿಗೆ ಬೇಡ. ಕಪ್ಪು ಅಲನ್ ಬೋಲ್ಟ್ 12.9 ಇದೆಯಲ್ಲ ಅಂದ್ರೆ ಗಟ್ಟಿ ಹೌದು, ಆದ್ರೆ ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತೆ, ಅಷ್ಟು ಗಡುಸಾದ ಸ್ಟೀಲು ತುಕ್ಕು ತಿಂದ್ರೆ ಹೇಳದೇ ಕೇಳದೇ ಮುರಿಯೋ ಜಾತಿ.

ಕೊನೆಗೆ ಒಂದು ಶನಿವಾರ ಬೆಂಗಳೂರಿಗೆ ಬಸ್ ಹತ್ತಿ ಗಾಡಿ ಪಾರ್ಟ್ಸ್ ಅಂಗಡಿಗಳಿರೋ ಜೆಸಿ ರೋಡಿಗೆ ಹೋದೆ, ಎರಡೂ ಹಳೇ ಬೋಲ್ಟ್ ಒಂದು ಪೊಟ್ಟಣದಲ್ಲಿ ಕಟ್ಕೊಂಡು. ಮೂರು ಅಂಗಡೀಲಿ ಇಲ್ಲ ಅಂದ್ರು, ನಾಲ್ಕನೇದ್ರಲ್ಲಿ ವಯಸ್ಸಾದೋರೊಬ್ಬರು ಬೋಲ್ಟ್ ನೋಡಿ "ಪಾರ್ಟ್ ನಂಬರ್ ತಂದಿದೀಯೇನಪ್ಪಾ?" ಅಂತ ಕೇಳಿದ್ರು. ಅವರು ಹೇಳ್ಕೊಟ್ಟಿದ್ದು ಇವತ್ತಿಗೂ ಉಪಯೋಗಕ್ಕೆ ಬರ್ತಿದೆ. ಹೋಂಡಾ ಪಾರ್ಟ್ ನಂಬರಲ್ಲಿ ಸಾಮಾನ್ಯ ಬೋಲ್ಟುಗಳದ್ದು ಸೈಜ್ ನಂಬರ್ ಒಳಗೇ ಇರುತ್ತೆ. 95701-08025 ಅಂತ ಇದ್ರೆ 8 ಎಂಎಂ ದಪ್ಪ, 25 ಎಂಎಂ ಉದ್ದದ ಫ್ಲ್ಯಾಂಜ್ ಬೋಲ್ಟ್. ಆದ್ರೆ 90ರಿಂದ ಶುರುವಾಗಿ ನಡುವೆ ಗಾಡಿ ಕೋಡ್ ಇದ್ರೆ ಅದು ಆ ಜಾಗಕ್ಕೇ ಅಂತ ಮಾಡಿದ ಬೋಲ್ಟ್, ಅದಕ್ಕೆ ಬದಲಿ ಹುಡುಕ್ಬಾರ್ದು. ಡಿಸ್ಕ್ ಬೋಲ್ಟ್, ಆಯಿಲ್ ಬೋಲ್ಟ್ ಎರಡೂ ಈ ಎರಡನೇ ಜಾತಿ.

ಆಯಿಲ್ ಬೋಲ್ಟ್ ಅಂದ್ರೆ ಬ್ರೇಕ್ ಹೋಸ್ ಹಿಡಿದಿರೋ ತೂತು ಬೋಲ್ಟು, ಬ್ಯಾಂಜೋ ಅಂತಾರೆ. ಇದ್ರಲ್ಲಿ ತುಂಬಾ ಜನ ಎಡವ್ತಾರೆ. ಎಂ10 ಅಂತ ಹಾರ್ಡ್‌ವೇರಲ್ಲಿ ಕೇಳಿದ್ರೆ ಕೊಡೋದು 1.5 ಪಿಚ್, ಜಪಾನಿ ಬ್ರೇಕಿಗೆ ಬೇಕಾಗಿದ್ದು 1.25, ಬ್ರೆಂಬೊ (ಇಟಲಿಯ ಬ್ರೇಕ್ ಕಂಪನಿ) ಆದ್ರೆ ಸಾಮಾನ್ಯವಾಗಿ 1.0. ಮೂರೂ ಕಣ್ಣಿಗೆ ಒಂದೇ ಥರ, ಮೊದಲ ಎರಡು ಸುತ್ತು ಬೇರೆಯದೂ ಒಳಗೆ ಹೋಗುತ್ತೆ, ಆಮೇಲೆ ಬಿಗಿ ಬಂತು ಅಂತ ಸ್ಪ್ಯಾನರ್ ಹಾಕಿದ್ರೆ ಕ್ಯಾಲಿಪರ್ ಥ್ರೆಡ್ ಹೋಯ್ತು. ಕೈಯಲ್ಲೇ ಪೂರ್ತಿ ತಿರುಗಿ ಕೂರಬೇಕು, ಕೂರಲಿಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸಿ. ಅದರ ಎರಡೂ ಕಡೆ ಬರೋ ವಾಷರ್ ಹೊಸದೇ ಹಾಕ್ಬೇಕು. ಹೋಂಡಾದಲ್ಲಿ ಆ ವಾಷರ್ ನಂಬರ್ 90545-300-000, ನಡುವಿನ 300 ಅನ್ನೋದು 1969ರ ಸಿಬಿ750ಯ ಕೋಡ್. ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಹಾಕ್ಕೊಂಡು ಬಂದು ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಗಾಡಿ ಅದು. ಅವತ್ತಿನ ನಂಬರಲ್ಲೇ ಇವತ್ತೂ ಆ ವಾಷರ್ ಮಾರ್ತಾರೆ ಅಂತ ಗೊತ್ತಾದಾಗ ನನಗಂತೂ ಮೈ ಜುಂ ಅಂತು.

ಕ್ಯಾಲಿಪರ್ ಬೋಲ್ಟ್ ಎರಡು, ವಾಷರ್ ಎರಡು ತಗೊಂಡು ಬಂದೆ, ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಯ್ತು. ಹಾಕೋ ಮುಂಚೆ ಫೋರ್ಕಿನ ತೂತನ್ನ ಬ್ರಷ್ಷಲ್ಲಿ ಉಜ್ಜಿ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿದೆ. ಎರಡೂ ಬೋಲ್ಟನ್ನ ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ ಆಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಸ್ಪ್ಯಾನರ್) ಹಿಡಿದೆ. ಈ ಥರ ಎಂ8 ಕ್ಯಾಲಿಪರ್ ಬೋಲ್ಟಿಗೆ ಹೋಂಡಾ ಮ್ಯಾನ್ಯುಯಲ್‌ಗಳಲ್ಲಿ 30 ನ್ಯೂಟನ್ ಮೀಟರ್ ಆಸುಪಾಸು ಇರುತ್ತೆ, ಬ್ಯಾಂಜೋಗೆ 35 ಆಸುಪಾಸು, ನಿಮ್ಮ ಗಾಡಿ ಮ್ಯಾನ್ಯುಯಲ್ ಏನು ಹೇಳುತ್ತೋ ಅದನ್ನೇ ನೋಡಿ ಹಾಕಿ. ಹೋಸ್ ಬಿಚ್ಚಿದ್ದಕ್ಕೆ ಹೊಸ ಬ್ರೇಕ್ ಆಯಿಲ್ ಹಾಕಿ ಲಿವರ್ ಗಟ್ಟಿ ಆಗೋವರೆಗೂ ಗಾಳಿ ತೆಗೆದೆ. ಡಿಸ್ಕಿಗೆ ಏನೂ ತಾಗ್ತಿಲ್ಲ ಅಂತ ಚಕ್ರ ತಿರುಗಿಸಿ ನೋಡಿ, ಬೋಲ್ಟ್ ತಲೆಯಿಂದ ಕ್ಯಾಲಿಪರ್‌ವರೆಗೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದೆ, ಬೋಲ್ಟ್ ಸ್ವಲ್ಪ ತಿರುಗಿದ್ರೂ ಗೆರೆ ತಪ್ಪುತ್ತೆ.

ಮಾರನೇ ಭಾನುವಾರ ಅಪ್ಪನ್ನ ಹಿಂದೆ ಕೂರಿಸ್ಕೊಂಡು ದೇವರಾಯನದುರ್ಗ ಹತ್ತಿ ಇಳಿದ್ವಿ, ಇಳಿಜಾರಲ್ಲಿ ಬೇಕಂತಲೇ ಮುಂದಿನ ಬ್ರೇಕ್ ಜಾಸ್ತಿ ಹಿಡಿದೆ. ಕೆಳಗೆ ಬಂದು ಗಾಡಿ ನಿಲ್ಲಿಸಿದ ತಕ್ಷಣ ಅಪ್ಪಾನೇ ಮೊದಲು ಬಗ್ಗಿ ನೋಡಿ "ಗೆರೆ ಹಂಗೇ ಐತೆ ಕಣೋ" ಅಂದ್ರು.