ಗಾಳಿ ಉಳಿಸಿದವರೇ ಗೆಲ್ಲೋದು: ಸೋನಿಕ್ ರೈಡರ್ಸ್ ಆಡುತ್ತಾ ಕಲಿತದ್ದು

ಸೋನಿಕ್ ರೈಡರ್ಸ್ ಎಂಬ ವಿಡಿಯೊ ಗೇಮ್ ಆಡಲು ಹೊಸದಾಗಿ ಕೂತವರೆಲ್ಲ ಬೂಸ್ಟ್ ಬಟನ್, ಅಂದರೆ ಒಮ್ಮೆಗೇ ವೇಗ ಹೆಚ್ಚಿಸುವ ಬಟನ್, ಬಿಡೋದೇ ಇಲ್ಲ. ದಾವಣಗೆರೆಯ ವಿನೋಬನಗರದ ನಮ್ಮ ಮನೆಗೆ ಭಾನುವಾರ ಆಡಲು ಬರುವ ಅಕ್ಕನ ಮಕ್ಕಳನ್ನೂ ಅವರ ಗೆಳೆಯರನ್ನೂ ನೋಡಿ ಹೇಳುತ್ತಿದ್ದೇನೆ. ಮೊದಲ ಸುತ್ತಿನಲ್ಲಿ ಅವರೇ ಮುಂದೆ. ಎರಡನೇ ಸುತ್ತಿನ ನಡುವೆ ಆಟದ ನಾಯಕ ಸೋನಿಕ್ ತನ್ನ ತೇಲುವ ಬೋರ್ಡಿನಿಂದ ಇಳಿದು ಕಾಲಲ್ಲಿ ಓಡುತ್ತಿರುತ್ತಾನೆ. 'ಯಾಕೆ ಇಳಿದ ಮಾಮ?' ಅಂತ ಕೇಳುತ್ತಾರೆ. ಬೋರ್ಡಿಗೆ ಇಂಧನದಂತಿರುವ ಗಾಳಿ ಖಾಲಿಯಾಗಿದೆ, ಅದಕ್ಕೇ ಇಳಿದ. ಈ ಆಟದಲ್ಲಿ ಸೋಲು ಗೆಲುವು ಎರಡೂ ಆ ಗಾಳಿಯ ಕೈಯಲ್ಲಿದೆ.

2006ರಲ್ಲಿ ಸೆಗಾ ಕಂಪನಿ ಹೊರತಂದ ಆಟ ಇದು. ಮಾಡಿದ್ದು ಸೋನಿಕ್ ಟೀಮ್. ಸಿನಿಮಾಗಳಿಂದ ಮಕ್ಕಳಿಗೆ ಈಗ ಚೆನ್ನಾಗಿ ಗೊತ್ತಿರುವ ನೀಲಿ ಸೋನಿಕ್, ಎರಡು ಬಾಲದ ಟೇಲ್ಸ್, ಕೆಂಪು ನಕಲ್ಸ್ ಇಲ್ಲಿ ಗಾಳಿಯಲ್ಲಿ ತೇಲುವ ಬೋರ್ಡ್ ಹತ್ತಿ ರೇಸ್ ಮಾಡುತ್ತಾರೆ. ಆ ಬೋರ್ಡುಗಳಿಗೆ ಎಕ್ಸ್‌ಟ್ರೀಮ್ ಗೇರ್ ಅಂತ ಹೆಸರು. ಎದುರಾಳಿಗಳು ಮೂರು ಹಕ್ಕಿಗಳು: ಜೆಟ್ ಎಂಬ ಗಿಡುಗ, ವೇವ್ ಎಂಬ ಕವಲುತೋಕೆ, ಸ್ಟಾರ್ಮ್ ಎಂಬ ಆಲ್ಬಟ್ರಾಸ್. ಸೋನಿಕ್ ಓಟದಲ್ಲಿ ಸೋಲೋದೇ ಇಲ್ಲ ಅಲ್ವಾ? ಅವನನ್ನು ಬೋರ್ಡ್ ಮೇಲೆ ನಿಲ್ಲಿಸಿ, ಅವನಷ್ಟೇ ಜೋರಾಗಿ ಹೋಗುವ ಜೆಟ್‌ನನ್ನು ಪಕ್ಕಕ್ಕೆ ತಂದದ್ದು ನನಗೆ ಬಹಳ ಹಿಡಿಸಿತು.

ಟಿವಿಗೆ ಜೋಡಿಸಿ ಆಡುವ ಯಂತ್ರ ನನ್ನದು ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 2. ಅದರ ಜೊತೆಗೇ ಈ ಡಿಸ್ಕ್ ಬಂತು. ಪುಸ್ತಕ ಇರಲಿಲ್ಲ, ಬರೀ ಡಿಸ್ಕ್. ಹಾಗಾಗಿ ಎಲ್ಲವನ್ನೂ ಆಡಿಯೇ ಕಲಿಯಬೇಕಾಯಿತು. ಅದು ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ಪರದೆಯ ಮೂಲೆಯಲ್ಲಿ ಗಾಳಿಯ ಮೀಟರ್ ಇರುತ್ತದೆ. ಸುಮ್ನೆ ಹೋಗುತ್ತಿದ್ದರೂ ಅದು ನಿಧಾನವಾಗಿ ಇಳಿಯುತ್ತದೆ. ಬೂಸ್ಟ್ ಒತ್ತಿದರೆ ಒಂದೇ ಸಲಕ್ಕೆ ದೊಡ್ಡ ಪಾಲು ಹೋಗುತ್ತದೆ. ತಿರುವಿನಲ್ಲಿ ಜಾರಿಸಿಕೊಂಡು ಹೋದರೂ ಜಾಸ್ತಿ ಖರ್ಚು. ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರೋದಿಲ್ಲ. ಬಂದ ದಿನ ತುಂಬಿಟ್ಟುಕೊಂಡು, ಮುಂದಿನ ಸರದಿಯ ತನಕ ಲೆಕ್ಕ ಹಾಕಿ ಬಳಸುತ್ತೇವೆ. ಗಾಳಿಯನ್ನೂ ಹಾಗೇ ಬಳಸಬೇಕು ಅಂತ ಮಕ್ಕಳಿಗೆ ಹೇಳಿದಾಗ ತಕ್ಷಣ ಅರ್ಥವಾಯಿತು.

ಗಾಳಿ ತುಂಬಿಕೊಳ್ಳುವ ಸುಲಭದ ದಾರಿ ಪಿಟ್. ಅಲ್ಲಿ ಹೋಗಿ ನಿಂತರೆ ಮೀಟರ್ ತುಂಬುತ್ತದೆ. ಆದರೆ ನಿಂತಷ್ಟು ಹೊತ್ತು ಬೇರೆಯವರು ಮುಂದೆ ಹೋಗುತ್ತಾರೆ. ಒಳ್ಳೆಯ ದಾರಿ ಅಂದರೆ ಜಿಗಿತ. ಟ್ರ್ಯಾಕಿನಲ್ಲಿ ಅಲ್ಲಲ್ಲಿ ಇಳಿಜಾರು ಹಲಗೆಯಂಥ ರಾಂಪ್‌ಗಳಿವೆ. ರಾಂಪ್ ಹತ್ತಿರ ಬರುತ್ತಿದ್ದಂತೆ ಜಿಗಿಯುವ ಬಟನ್ ಒತ್ತಿ ಹಿಡಿಯಬೇಕು. ಸರಿಯಾಗಿ ಅಂಚಿಗೆ ಬಂದಾಗ ಬಿಡಬೇಕು. ಬಿಡುವಾಗ ಕೈಯಲ್ಲಿರುವ ಕಂಟ್ರೋಲರ್ ಮೇಲಿನ ಕೋಲನ್ನು ಮುಂದಕ್ಕೆ ತಳ್ಳಿದರೆ ಉದ್ದಕ್ಕೆ ಹಾರುತ್ತೀರಿ, ಹಿಂದಕ್ಕೆ ಎಳೆದರೆ ಎತ್ತರಕ್ಕೆ. ಗಾಳಿಯಲ್ಲಿರುವಾಗ ಅದೇ ಕೋಲನ್ನು ತಿರುಗಿಸಿ ಪಲ್ಟಿ ಹೊಡೆಸಬೇಕು. ಪಲ್ಟಿಗೆ ತಕ್ಕಂತೆ ದರ್ಜೆ ಸಿಗುತ್ತದೆ. ಎಲ್ಲಕ್ಕಿಂತ ಕೆಳಗಿನದು ಸಿ, ಎಲ್ಲಕ್ಕಿಂತ ಮೇಲಿನದು ಎಕ್ಸ್. ಎಕ್ಸ್ ಬಂದಾಗ ಮೀಟರ್ ಏರುವುದನ್ನು ನೋಡಬೇಕು, ಎಂಥಾ ಖುಷಿ!

ಇಲ್ಲಿ ಕಷ್ಟ ಇರುವುದು ಪಲ್ಟಿ ಹೊಡೆಯುವುದರಲ್ಲಲ್ಲ, ನಿಲ್ಲಿಸುವುದರಲ್ಲಿ. ನೆಲ ಮುಟ್ಟುವ ಹೊತ್ತಿಗೆ ಇನ್ನೂ ತಿರುಗುತ್ತಿದ್ದರೆ ದರ್ಜೆ ಬಿದ್ದುಹೋಗುತ್ತದೆ, ವೇಗವೂ ಹೋಗುತ್ತದೆ. ನಾನು ಪರದೆಯಲ್ಲಿ ಸೋನಿಕ್‌ನನ್ನು ನೋಡುವುದನ್ನೇ ಬಿಟ್ಟೆ. ಕೆಳಗಿನ ನೆಲವನ್ನೇ ನೋಡುತ್ತಾ, ನೆಲ ಹತ್ತಿರ ಬಂತು ಅನ್ನಿಸಿದ ಕೂಡಲೇ ಕೋಲು ಬಿಡುವುದನ್ನು ಅಭ್ಯಾಸ ಮಾಡಿದೆ. ಎತ್ತರದ ಜಿಗಿತದಲ್ಲಿ ಸಮಯ ಜಾಸ್ತಿ ಸಿಗುತ್ತದೆ. ಅದಕ್ಕೇ ಹೊಸಬರಿಗೆ ಮೊದಲು ಎತ್ತರದ ಜಿಗಿತವನ್ನೇ ಕಲಿಸುತ್ತೇನೆ. ಕೈಗೆ ಅದರ ಲೆಕ್ಕ ಹತ್ತಿದ ಮೇಲೆ ಉದ್ದದ ಜಿಗಿತ.

ಬೂಸ್ಟ್ ಹಾಗಾದರೆ ಯಾವಾಗ? ನಾನು ಮಾಡುವುದು ಇಷ್ಟೇ. ವೇಗ ಇದ್ದಾಗ ಮುಟ್ಟುವುದಿಲ್ಲ. ಗೋಡೆಗೆ ತಾಗಿಯೋ ಬಿಗಿ ತಿರುವು ಮುಗಿಸಿಯೋ ವೇಗ ಬಿದ್ದಾಗ, ಮುಂದೆ ನೇರ ರಸ್ತೆ ಇದ್ದರೆ, ಒಂದು ಸಲ ಒತ್ತುತ್ತೇನೆ. ಬೂಸ್ಟ್‌ಗೆ ಇನ್ನೊಂದು ಉಪಯೋಗವೂ ಇದೆ. ಪಕ್ಕದವನಿಗೆ ತಾಗುವಂತೆ ಒತ್ತಿದರೆ ಅವನಿಗೆ ಏಟು ಬೀಳುತ್ತದೆ, ಅವನು ದಾರಿಯಲ್ಲಿ ಹೆಕ್ಕಿಕೊಂಡ ಉಂಗುರಗಳು, ಅಂದರೆ ರಿಂಗ್‌ಗಳು ಹೋಗುತ್ತವೆ. ರಿಂಗ್ ಇಲ್ಲಿ ಬರೀ ಅಲಂಕಾರವಲ್ಲ. 30 ಆದರೆ ಎರಡನೇ ಲೆವೆಲ್, 60 ಆದರೆ ಮೂರನೇ ಲೆವೆಲ್. ಲೆವೆಲ್ ಏರಿದಂತೆ ಬೂಸ್ಟ್ ಚುರುಕಾಗುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ನನಗೆ ಜಾಗಕ್ಕಿಂತ ರಿಂಗ್ ಮುಖ್ಯ. ಮಕ್ಕಳಿಗೆ ಇದನ್ನು ಒಪ್ಪಿಸುವುದೇ ಕಷ್ಟ. ನಾಲ್ಕನೇ ಜಾಗದಲ್ಲಿ ಇದ್ದರೆ ಅವರಿಗೆ ಅಳುವೇ ಬರುತ್ತದೆ!

ಹಿಂದೆ ಇರುವುದರಲ್ಲಿ ಇನ್ನೂ ಒಂದು ಲಾಭ ಇದೆ. ಮುಂದೆ ಹೋದವನ ಹಿಂದೆ ಗಾಳಿಯ ಸುಳಿ ಉಳಿಯುತ್ತದೆ. ಅದು ಕಣ್ಣಿಗೆ ಕಾಣುವಂತೆಯೇ ಬರೆದಿದ್ದಾರೆ. ಅದರೊಳಗೆ ನುಗ್ಗಿದರೆ ಬೂಸ್ಟ್ ಇಲ್ಲದೆಯೇ ವೇಗ ಸಿಗುತ್ತದೆ. ಮುಂದೆ ಇದ್ದವನು ತನಗೇ ಗೊತ್ತಿಲ್ಲದೆ ಹಿಂದಿನವನಿಗೆ ದಾರಿ ಮಾಡಿಕೊಡುತ್ತಾನೆ. ಕೊನೆಯ ಸುತ್ತಿನಲ್ಲಿ ಮೊದಲಿಗನ ಸುಳಿ ಹಿಡಿದು, ಕೊನೆಯ ತಿರುವಿನಲ್ಲಿ ಹೊರಗೆ ಬಂದು ಬೂಸ್ಟ್ ಒತ್ತುವುದು ನನ್ನ ಅತಿ ಇಷ್ಟದ ಆಟ. ಅದಕ್ಕೆ ಮೀಟರಿನಲ್ಲಿ ಗಾಳಿ ಉಳಿದಿರಬೇಕು, ಅಷ್ಟೇ.

ಪಾತ್ರಗಳಲ್ಲಿ ಮೂರು ಬಗೆ. ಸೋನಿಕ್, ಜೆಟ್, ಏಮಿ ಥರದವರು ಕಂಬಿಗಳ ಮೇಲೆ ಜಾರಿಕೊಂಡು ಹೋಗುತ್ತಾರೆ. ಟೇಲ್ಸ್, ವೇವ್ ಥರದವರು ಗಾಳಿಯಲ್ಲಿ ತೂಗುವ ಬಳೆಗಳ ಮೂಲಕ ಹಾರುತ್ತಾರೆ. ನಕಲ್ಸ್, ಸ್ಟಾರ್ಮ್ ಅಡ್ಡ ಬಂದದ್ದನ್ನು ಗುದ್ದಿ ಒಡೆಯುತ್ತಾರೆ. ಮೂವರಿಗೂ ತಮ್ಮ ತಮ್ಮ ದಾರಿಯಲ್ಲಿ ಗಾಳಿ ಸಿಗುತ್ತದೆ. ಒಂದೇ ಟ್ರ್ಯಾಕ್ ಆದರೂ ಪಾತ್ರ ಬದಲಾಯಿಸಿದರೆ ಬೇರೆ ಊರಿಗೆ ಹೋದಂತೆ. ನನಗೆ ವೇವ್ ಇಷ್ಟ. ಮಕ್ಕಳಲ್ಲಿ ಚಿಕ್ಕವಳು ಸ್ಟಾರ್ಮ್ ಬಿಟ್ಟು ಬೇರೆ ಮುಟ್ಟುವುದಿಲ್ಲ, ಗುದ್ದುವುದೇ ಅವಳಿಗೆ ಸಂತೋಷ.

ರೇಸ್ ಶುರುವಾಗುವ ರೀತಿಯೂ ಚೆನ್ನಾಗಿದೆ. ಗೆರೆಯ ಹತ್ತಿರ ವಿದ್ಯುತ್ ತಡೆ ಇರುತ್ತದೆ. ಎಣಿಕೆ ಸೊನ್ನೆಗೆ ಬರುವ ಮೊದಲೇ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಸೊನ್ನೆಗೆ ಸರಿಯಾಗಿ ದಾಟಿದರೆ ಜೋರು ಆರಂಭ. ಎಲ್ಲರೂ ಒಟ್ಟಿಗೆ ಬಾಯಲ್ಲಿ ಎಣಿಸುತ್ತೇವೆ, ಪಕ್ಕದ ಮನೆಗೂ ಕೇಳಿಸುತ್ತದೆ. ನಿಜವಾದ ಕರೆಂಟ್ ಕೈಕೊಡುವುದೂ ಉಂಟು. ಸಾಲಾಗಿ ಹಲವು ರೇಸ್ ಇರುವ ಗ್ರ್ಯಾಂಡ್ ಪ್ರೀ ನಡುವೆ ಕರೆಂಟ್ ಹೋದರೆ ಅಷ್ಟೂ ರೇಸ್ ಹೋದಂತೆ. ಟಿವಿಗೂ ಪ್ಲೇಸ್ಟೇಷನ್‌ಗೂ ಈಗ ಯುಪಿಎಸ್ ಹಾಕಿದ್ದೇನೆ. ಇಂಥ ಹಳೆಯ ಯಂತ್ರ ಇಟ್ಟುಕೊಂಡವರಿಗೆ ಅದು ಬೇಕೇ ಬೇಕು.

ಟ್ರ್ಯಾಕುಗಳಲ್ಲಿ ಕಲಿಯಲು ಮೆಟಲ್ ಸಿಟಿಯೇ ಸರಿ. ಅಗಲವಾದ ಹೆದ್ದಾರಿ, ನೇರ ದಾರಿ ಬೇಕಾದಷ್ಟು. ಎಗ್ ಫ್ಯಾಕ್ಟರಿಯಲ್ಲಿ ಕೆಳಗೆ ಲಾವಾ ಇರುತ್ತದೆ, ಅಲ್ಲಿ ಧೈರ್ಯ ಬೇಕು. ಗ್ರೀನ್ ಕೇವ್ ನೋಡಲು ಚೆಂದ. ಮರ, ಬಳ್ಳಿ, ನೀರಿನ ನಡುವೆ ಹೋಗುವಾಗ ರೇಸ್ ಮರೆತೇ ಹೋಗುತ್ತದೆ. ಚಿತ್ರದುರ್ಗಕ್ಕೆ ಹೋಗುವಾಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣಿಸುತ್ತವಲ್ಲ, ಮಕ್ಕಳು ಕಾರಿನಲ್ಲಿ 'ಏರ್ ಫುಲ್!' ಅಂತ ಕೂಗುತ್ತಾರೆ. ಕೋಟೆಯ ಏಳು ಸುತ್ತಿನಲ್ಲಿ ಒಂದು ಟ್ರ್ಯಾಕ್ ಮಾಡಿದರೆ ಹೇಗಿರುತ್ತದೆ ಅಂತ ದಾರಿಯುದ್ದಕ್ಕೂ ಅವರ ಚರ್ಚೆ. ಬಂಡೆಗಳ ಮೇಲೆ ನಕಲ್ಸ್ ಗುದ್ದಬಾರದು ಅಂತ ಮಾತ್ರ ಎಲ್ಲರೂ ಒಪ್ಪಿದರು.

ಮುಂದಿನ ಭಾಗ ಝೀರೋ ಗ್ರಾವಿಟಿ 2008ರಲ್ಲಿ ಬಂತು. ಅದರಲ್ಲಿ ಗಾಳಿಯ ಖರ್ಚು ತೆಗೆದು, ಗುರುತ್ವ ಬಳಸಿ ತಿರುಗುವ ಆಟ ತಂದರು. ಆಡಲು ಸುಲಭವೇ. ಆದರೆ ಲೆಕ್ಕ ಹಾಕುವ ರುಚಿ ಹೋಯಿತು, ನನಗೆ ಅದು ಸಪ್ಪೆ. 2010ರ ಫ್ರೀ ರೈಡರ್ಸ್ ಅಂತೂ ಕೈನೆಕ್ಟ್ ಕ್ಯಾಮೆರಾ ಮುಂದೆ ನಿಂತು ಮೈ ವಾಲಿಸಿ ಆಡುವ ಆಟ. 2025ರಲ್ಲಿ ಬಂದ ಸೋನಿಕ್ ರೇಸಿಂಗ್ ಕ್ರಾಸ್‌ವರ್ಲ್ಡ್ಸ್‌ನಲ್ಲಿ ಕಾರುಗಳ ಜೊತೆ ಎಕ್ಸ್‌ಟ್ರೀಮ್ ಗೇರ್ ಬೋರ್ಡ್‌ಗಳೂ ಇವೆ ಅನ್ನುವುದು ನನಗೆ ದೊಡ್ಡ ಸಮಾಧಾನ. ಈಗಿನ ಮಕ್ಕಳೂ ಜೆಟ್‌ನ ಹೆಸರು ಕೇಳಲಿ.

ಹಳೆಯ ಆಟ ಸಿಕ್ಕಿದರೆ ಮೊದಲು ಒಬ್ಬರೇ ಗಡಿಯಾರದ ವಿರುದ್ಧ ಓಡುವ ಟೈಮ್ ಅಟ್ಯಾಕ್‌ನಲ್ಲಿ ಮೆಟಲ್ ಸಿಟಿ ತೆಗೆದುಕೊಳ್ಳಿ. ಬೂಸ್ಟ್ ಮುಟ್ಟದೆ ಮೂರು ಸುತ್ತು ಮುಗಿಸಿ. ಬರೀ ಜಿಗಿತದಿಂದ ಗಾಳಿ ತುಂಬಿಕೊಳ್ಳುವುದು ಬಂದ ಮೇಲೆ ಸುತ್ತಿಗೆ ಒಂದೇ ಬೂಸ್ಟ್ ಸೇರಿಸಿ. ಅದನ್ನು ಎಲ್ಲಿ ಹಾಕಿದರೆ ಸಮಯ ಜಾಸ್ತಿ ಉಳಿಯುತ್ತದೆ ಅಂತ ಜಾಗ ಬದಲಾಯಿಸಿ ನೋಡಿ. ನಾನು ಈಗ ವೇವ್ ಜೊತೆ ಇನ್ನೊಂದು ಟ್ರ್ಯಾಕ್ ಆದ ಸ್ಕೈ ರೋಡ್‌ನಲ್ಲಿ ಇದನ್ನೇ ಮಾಡುತ್ತಿದ್ದೇನೆ.