ಉತ್ತರ ಸರಿ, ಕೋಡ್ ತಪ್ಪು

ಬದಿಯಡ್ಕದ ಹತ್ತಿರ ನಮ್ಮ ತೋಟ. ಊರಿಗೆ ಹೋದಾಗಲೆಲ್ಲ ದೊಡ್ಡಪ್ಪ ಕೇಳುವುದು ಒಂದೇ: "ನಿನಗೆ ಎಂತ ಕೆಲಸ ಮಾರಾಯ? ಲ್ಯಾಬೂ ಇಲ್ಲ, ಮಿಷನ್ನೂ ಇಲ್ಲ." ನಾನು ಘನವಸ್ತುಗಳ ಥಿಯರಿ ಮಾಡುವವನು. ಕಾಗದ, ಪೆನ್ನು, ಕಂಪ್ಯೂಟರ್ ಅಷ್ಟೇ.

ಹತ್ತನೆಯವರೆಗೆ ಕನ್ನಡ ಮಾಧ್ಯಮ, ಕಾಸರಗೋಡಿನಲ್ಲಿ ಬಿಎಸ್ಸಿ, ಕೊಣಾಜೆಯಲ್ಲಿ ಎಂಎಸ್ಸಿ. ಭೌತಶಾಸ್ತ್ರದ ಪಿಎಚ್‌ಡಿಗೆ ಸೇರಲು ಬರೆಯುವ ಜೆಸ್ಟ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು, ಸೀಟು ಸಿಕ್ಕಿತು. ಇಂಗ್ಲಿಷ್ ಕಷ್ಟವಾಗಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಜಾಸ್ತಿ ತೊಂದರೆ ಕೊಟ್ಟದ್ದು ನನ್ನದೇ ಅವಸರ.

ಗೈಡ್ ಮೊದಲು ಕೊಟ್ಟದ್ದು ಹಳೇ ಲೆಕ್ಕ. 1969ರಲ್ಲಿ ಚಂಚಲ್ ಕುಮಾರ್ ಮಜುಂದಾರ್ ಮತ್ತು ದೀಪನ್ ಘೋಷ್ ಬಿಡಿಸಿದ ಸ್ಪಿನ್ ಸರಪಳಿ. ಸ್ಪಿನ್ ಅಂದರೆ ಸಣ್ಣ ಅಯಸ್ಕಾಂತ ಅಂದುಕೊಳ್ಳಿ. ಇಲ್ಲಿ ಪ್ರತಿಯೊಂದಕ್ಕೂ ಪಕ್ಕದ್ದಕ್ಕೆ ಉಲ್ಟಾ ನಿಲ್ಲುವ ಹಟ, ಅದರಾಚೆಯದ್ದಕ್ಕೂ ಉಲ್ಟಾ ನಿಲ್ಲುವ ಹಟ. ಮೂವರು ದಾಯಾದಿಗಳು, ಇರುವುದು ಎರಡೇ ಪಕ್ಷ. ಎಲ್ಲರೂ ಎಲ್ಲರಿಗೂ ವಿರುದ್ಧ ಓಟು ಹಾಕಲು ಆಗುತ್ತದಾ? ಎರಡನೇ ಹಟದ ಬಲ ಮೊದಲನೆಯದರ ಸರಿಯಾಗಿ ಅರ್ಧ ಇದ್ದಾಗ, ಸ್ಪಿನ್‌ಗಳು ಎರಡೆರಡಾಗಿ ಜೋಡಿ ಕಟ್ಟಿಕೊಂಡು ಉಳಿದವರ ಗೊಡವೆಯನ್ನೇ ಬಿಡುತ್ತವೆ.

12 ಸ್ಪಿನ್‌ಗಳ ಉಂಗುರಕ್ಕೆ ಕೋಡ್ ಬರೆದೆ. ಒಂದೊಂದು ಸ್ಪಿನ್‌ಗೂ ಮೇಲೆ, ಕೆಳಗೆ ಅಂತ ಎರಡು ಆಯ್ಕೆ, ಹಾಗಾಗಿ ಒಟ್ಟು 4096 ಸ್ಥಿತಿಗಳು. (20 ಸ್ಪಿನ್ ಆದರೆ ಹತ್ತು ಲಕ್ಷ ದಾಟುತ್ತದೆ. ನಾವು ಸಣ್ಣದರಲ್ಲೇ ಒದ್ದಾಡುವುದು ಸುಮ್ನೆ ಅಲ್ಲ.) ಪಕ್ಕದ ಬಲ 1 ಎಂದಿಟ್ಟರೆ ಕನಿಷ್ಠ ಶಕ್ತಿ ಮೈನಸ್ 4.5 ಬರಬೇಕು. ಬಂತು! ಓಡಿ ಹೋಗಿ ತೋರಿಸಿದೆ.

ಗೈಡ್ ಸ್ಕ್ರೀನ್ ನೋಡಿ, "ಆ ಶಕ್ತಿಯಲ್ಲಿ ಎಷ್ಟು ಸ್ಥಿತಿ ಇದೆ?" ಅಂದರು. ಒಂದು. ಉಂಗುರದಲ್ಲಿ ಎರಡು ಇರಬೇಕು. 1-2, 3-4 ಅಂತ ಜೋಡಿ ಕಟ್ಟಬಹುದು. 2-3, 4-5 ಅಂತ ಹೋಗಿ ಕೊನೆಗೆ 12-1 ಅಂತಲೂ ಕಟ್ಟಬಹುದು. ನನ್ನ ಲೂಪ್ ತಿರುಗಿ 1ಕ್ಕೆ ಬಂದೇ ಇರಲಿಲ್ಲ. ಮಾಲೆ ಕಟ್ಟಿದ್ದೆ, ತುದಿಗೆ ಗಂಟು ಹಾಕಿರಲಿಲ್ಲ. ಮೋಸ ಎಲ್ಲಿ ಅಂದರೆ, ಗಂಟು ಹಾಕದ ಸರಪಳಿಗೂ ಶಕ್ತಿ ಅಷ್ಟೇ: ಆರು ಜೋಡಿ, ಜೋಡಿಗೆ ಮೈನಸ್ 0.75.

ಅಡಿಕೆ ಸುಲಿಯುತ್ತಾ ಕೂತಿದ್ದ ದೊಡ್ಡಪ್ಪನಿಗೆ ಇದನ್ನು ಹೇಳಿದೆ. "ತೂಕ ಸರಿ ಬಂತು ಅಂತ ಮೂಟೆ ಹೊಲಿದೆಯಾ? ಒಳಗೆ ಕೋಕ ಉಂಟಾ ಅಂತ ನೋಡ್ಲಿಕ್ಕಿಲ್ವಾ?" ಅಂದರು. (ಕೋಕ ಅಂದರೆ ಕಳಪೆ ಅಡಿಕೆ.)

ಈಗ ಯಾವ ಹೊಸ ಕೋಡ್ ಬರೆದರೂ ಮೊದಲು ಯಾವುದಕ್ಕೆ ಯಾವುದು ಜೋಡಣೆ ಅನ್ನುವ ಪಟ್ಟಿಯನ್ನು ಪ್ರಿಂಟ್ ತೆಗೆಯುತ್ತೇನೆ. ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತೇನೆ, 12-1 ಸಿಗುವವರೆಗೆ. ವಿದ್ಯಾರ್ಥಿಗಳು ನಗುತ್ತಾರೆ.