ಲಂಡನ್ ಎಷ್ಟು ದೂರ? ದಾರ ಹಿಡಿದು ಅಳೆಯಿರಿ

ಗೋಡೆಯ ನಕಾಶೆಗೆ ಸ್ಕೇಲ್ ಇಟ್ಟು ಬೆಂಗಳೂರು–ಲಂಡನ್ ದೂರ ಅಳೆಯಬೇಡಿ. ಚಪ್ಪಟೆ ಹಾಳೆಯಲ್ಲಿ ಉತ್ತರಕ್ಕೆ ಹೋದಷ್ಟೂ ಭೂಮಿ ಹಿಗ್ಗಿರುತ್ತದೆ. ಶಾಲೆಯ ಗ್ಲೋಬ್ ಸಾಕು. ವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 94 ಸೆಂ.ಮೀ.; ಭೂಮಿಯದು 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ 425 ಕಿ.ಮೀ. ಹೊಲಿಗೆ ದಾರದ ಎರಡು ತುದಿಗಳನ್ನು ಎರಡೂ ಊರುಗಳ ಮೇಲೆ ಒತ್ತಿ ಬಿಗಿಯಾಗಿ ಎಳೆಯಿರಿ, ಹತ್ತಿರದ ಹಾದಿಯನ್ನು ದಾರವೇ ಹುಡುಕಿಕೊಳ್ಳುತ್ತದೆ. ಉದ್ದ ಸುಮಾರು 19 ಸೆಂ.ಮೀ. ಬರುತ್ತದೆ; 425ರಿಂದ ಗುಣಿಸಿದರೆ ಸುಮಾರು 8,075 ಕಿ.ಮೀ.

ಇನ್ನೂ ನಿಖರವಾಗಿ ಬೇಕೆಂದರೆ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಪೂರ್ವ, ಲಂಡನ್ನಿನ ಹೀಥ್ರೂ ನಿಲ್ದಾಣ 51.47 ಉತ್ತರ, 0.45 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ, ಹಾಗಾಗಿ ರೇಖಾಂಶಗಳನ್ನು ಕೂಡಿಸಬೇಕು: 78.16. ಇಲ್ಲಿ ಕಳೆದುಬಿಟ್ಟರೆ 60 ಕಿ.ಮೀ. ಕಮ್ಮಿ ತೋರಿಸುತ್ತದೆ. ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.179. ಅವುಗಳ ಕೊಸೈನ್‌ಗಳನ್ನೂ 78.16ರ ಕೊಸೈನನ್ನೂ ಗುಣಿಸಿದರೆ 0.124. ಎರಡೂ ಸೇರಿ 0.303. ಇದರ ವಿಲೋಮ ಕೊಸೈನ್ (cos⁻¹) 72.36 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ., ಅದರಿಂದ ಗುಣಿಸಿದರೆ 8,046 ಕಿ.ಮೀ. ಉತ್ತರ ತಲೆಬುಡವಿಲ್ಲದೆ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ ಎಂದರ್ಥ, ಡಿಗ್ರಿಗೆ ಬದಲಿಸಿ.

ವಿಮಾನ ಮಾತ್ರ ದಾರದ ಹಾದಿಯಲ್ಲೇ ಹೋಗುವುದಿಲ್ಲ. ಗ್ಲೋಬ್ ಮತ್ತೊಮ್ಮೆ ನೋಡಿ: ದಾರ ಬಲೂಚಿಸ್ತಾನ, ಇರಾನ್ ದಾಟಿ ಉಕ್ರೇನ್ ಮೇಲೆ ಹಾಯುತ್ತದೆ. ಉಕ್ರೇನಿನ ಆಕಾಶ 2022ರ ಫೆಬ್ರುವರಿಯಲ್ಲಿ ಮುಚ್ಚಿತು. ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಹೀಗಾದಾಗ ಸುತ್ತು ಬಳಸಲೇಬೇಕು. ಗಂಟೆಗೆ 900 ಕಿ.ಮೀ. ವೇಗದಲ್ಲಿ ಒಂಬತ್ತು ಗಂಟೆ ಎನ್ನುವುದು ಬರೀ ಕಾಗದದ ಲೆಕ್ಕ. ಏರುವುದು, ಇಳಿಯುವುದು, ರನ್‌ವೇವರೆಗಿನ ತೆವಳಾಟ, ಎತ್ತರದಲ್ಲಿ ಪಡುವಣದಿಂದ ಬೀಸುವ ಎದುರುಗಾಳಿ ಎಲ್ಲ ಸೇರಿ ಹೋಗುವಾಗ ಹತ್ತೂವರೆ–ಹನ್ನೊಂದು ಗಂಟೆ ಹಿಡಿಯಿರಿ. ಬರುವಾಗ ಅದೇ ಗಾಳಿ ಬೆನ್ನಿಗಿರುವುದರಿಂದ ಸುಮಾರು ಒಂದು ಗಂಟೆ ಉಳಿಯುತ್ತದೆ.

ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರವೇ ಇರುತ್ತದೆ. ಮಧ್ಯಾಹ್ನ 1.30ಕ್ಕೆ ಹೊರಟು ಸಂಜೆ 7.30ಕ್ಕೆ ತಲುಪುತ್ತದೆ ಎಂದಿದ್ದರೆ ಪ್ರಯಾಣ ಆರು ಗಂಟೆಯದ್ದಲ್ಲ. ಚಳಿಗಾಲದಲ್ಲಿ ಅದಕ್ಕೆ ಐದೂವರೆ ಗಂಟೆ ಸೇರಿಸಿ. ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಬ್ರಿಟನ್ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ ನಾಲ್ಕೂವರೆ ಸೇರಿಸಿದರೆ ಸಾಕು. ಮರಳುವಾಗ ಇಷ್ಟನ್ನೇ ಕಳೆಯಬೇಕು.

ಕೊಡಗಿನವರು ಸೋಲುವುದು ಆಕಾಶದಲ್ಲಲ್ಲ, ರಸ್ತೆಯಲ್ಲಿ. ಮಡಿಕೇರಿಯಿಂದ ಕುಶಾಲನಗರ, ಹುಣಸೂರು ದಾಟಿ, ಮೈಸೂರು–ಬೆಂಗಳೂರು ದಶಪಥ ಹಿಡಿದು, ಬೆಂಗಳೂರಿನ ಒಳಗೆ ಹಾದು ದೇವನಹಳ್ಳಿ ಕಡೆ ಹೋದರೆ ಸುಮಾರು 300 ಕಿ.ಮೀ.; ಏಳು ಗಂಟೆ ಇಟ್ಟುಕೊಳ್ಳಿ. ಮಧ್ಯಾಹ್ನ 1.30ರ ವಿಮಾನಕ್ಕೆ 10.30ಕ್ಕೇ ನಿಲ್ದಾಣದಲ್ಲಿರಬೇಕು, ಅಂದರೆ ಬೆಳಗಿನ ಜಾವ 3.30ಕ್ಕೆ ಮನೆ ಬಿಡಬೇಕು. ಮಳೆಗಾಲವಾದರೆ 2.30ಕ್ಕೇ.

ವಿರಾಜಪೇಟೆ ಕಡೆಯವರಿಗೆ, ಅದರಲ್ಲೂ ಕೊಲ್ಲಿ ದೇಶಗಳಿಗೆ ಹೋಗುವವರಿಗೆ, ಸುಮಾರು 60 ಕಿ.ಮೀ. ದೂರದ ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣವೇ ಲೇಸು. ಆದರೆ ಜಡಿಮಳೆಯಲ್ಲಿ ಆ ದಾರಿಯ ಮಾಕುಟ್ಟ ಘಾಟಿಯಲ್ಲಿ ಗುಡ್ಡ ಜರಿಯುವುದುಂಟು. ರಸ್ತೆ ತೆರೆದಿದೆಯೇ ಎಂದು ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಿ.